‘ಇನ್‌ವ್ಯಾಲಿಡ್ ಇನ್‌ಪುಟ್’ ಅಂದ್ರೆ ಏನ್ ಮಾಡ್ಬೇಕು?

ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೇ ದಿನ ಅಂದ್ಕೊಳ್ಳಿ. ಸಬ್ಮಿಟ್ ಒತ್ತಿದ್ರೆ ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್ ಇನ್‌ಪುಟ್’. ಎಲ್ಲಿ ತಪ್ಪಾಗಿದೆ ಅಂತ ಹೇಳಲ್ಲ. ಮೇಲಾಗಿ, ತುಂಬಿದ್ದೆಲ್ಲ ಖಾಲಿ!

ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇರಲ್ಲ, ಇನಿಷಿಯಲ್ ಇರುತ್ತೆ. ‘ಲಾಸ್ಟ್ ನೇಮ್’ ಜಾಗದಲ್ಲಿ ಇಂಗ್ಲಿಷಿನ ‘ಕೆ’ ಒಂದೇ ಹಾಕಿದ್ರೆ ಕೆಲವು ಫಾರ್ಮ್‌ಗಳು ‘ಕನಿಷ್ಠ 2 ಅಕ್ಷರ ಬೇಕು’ ಅನ್ನುತ್ತವೆ. ಬೇರೆ ದಾರಿ ಇಲ್ಲದೆ ‘ಕೆಕೆ’ ಅಂತ ಹಾಕ್ತೀವಿ. ಫಾರ್ಮ್ ಖುಷಿಯಾಗಿ ಒಪ್ಕೊಳ್ಳುತ್ತೆ. ಆಮೇಲೆ ಮಾರ್ಕ್ಸ್‌ಕಾರ್ಡ್ ಜತೆ ಹೆಸರು ತಾಳೆ ಆಗಲ್ಲ. ಇದನ್ನ ನಾನು ಬಳಕೆದಾರರ ತಪ್ಪು ಅಂತ ಒಪ್ಪಲ್ಲ.

ಫೋನ್ ನಂಬರನ್ನ ಕನ್ನಡ ಅಂಕಿಯಲ್ಲಿ ಬರೆದ್ರೂ ಇದೇ ಕಥೆ. ಜಾವಾಸ್ಕ್ರಿಪ್ಟ್ ರೆಜೆಕ್ಸ್‌ನಲ್ಲಿ ‘ಬ್ಯಾಕ್‌ಸ್ಲ್ಯಾಷ್ ಡಿ’ ಅಂದ್ರೆ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿ ಮಾತ್ರ. ಪೈಥಾನ್ 3ರಲ್ಲಿ ಅದೇ ಗುರುತು ಕನ್ನಡ ಅಂಕಿಯನ್ನೂ ಹಿಡಿಯುತ್ತೆ. ತಿರಸ್ಕರಿಸೋ ಬದಲು ಬದಲಾಯಿಸಿಕೊಳ್ಳೋದು ನಾಲ್ಕೈದು ಸಾಲಿನ ಕೆಲಸ.

ಕೋಡ್ ಬರೆಯೋ ಗೆಳೆಯರೇ, ಬ್ರೌಸರ್‌ನ ಚೆಕ್ಕನ್ನ ಯಾರು ಬೇಕಾದ್ರೂ ದಾಟಬಹುದು. ಸರ್ವರ್‌ನಲ್ಲೂ ಪರೀಕ್ಷೆ ಇರಲೇಬೇಕು. ಆದ್ರೆ ತುಂಬಿದ್ದನ್ನ ಅಳಿಸಬೇಡಿ. ತಪ್ಪಿರೋ ಜಾಗದ ಕೆಳಗೇ, ಏನು ಸರಿಮಾಡಬೇಕು ಅಂತ ಕನ್ನಡದಲ್ಲಿ ಬರೀರಿ. ಮತ್ತೆ ಆ ‘ಲಾಸ್ಟ್ ನೇಮ್’ ಪಕ್ಕದ ಕಡ್ಡಾಯದ ನಕ್ಷತ್ರ ಇದೆಯಲ್ಲ, ಮೊದಲು ಅದನ್ನ ತೆಗೀರಿ.