ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ



ಕಳೆದ ಮಳೆಗಾಲದಲ್ಲಿ ಒಬ್ಬ ರೈತ ದಂಪತಿ ತಮ್ಮ ಏಳು ವರ್ಷದ ಮಗಳೊಡನೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಆ ಹುಡುಗಿಗೆ ಸಕ್ಕರೆ ಕಾಯಿಲೆ ಇರುವುದು ಆರು ತಿಂಗಳ ಹಿಂದೆಯೇ ಗೊತ್ತಾಗಿ, ದಿನವೂ ಇನ್ಸುಲಿನ್ ಚುಚ್ಚುಮದ್ದು ನಡೆದಿತ್ತು. ಅವರು ಬಂದುದು ಔಷಧಕ್ಕಾಗಿ ಅಲ್ಲ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರೇ, ನಾವು ಇನ್ನೊಂದು ಮಗು ಪಡೆಯಬಹುದೇ? ಅದಕ್ಕೂ ಹೀಗೆಯೇ ಆಗುತ್ತದೆಯೇ?" ಎಂದು ಕೇಳಿದರು. ತಾಯಿ ತಲೆ ತಗ್ಗಿಸಿ ಕುಳಿತಿದ್ದರು. ಬಸುರಿಯಾಗಿದ್ದಾಗ ಸಿಹಿ ತಿಂದುದರಿಂದಲೇ ಮಗುವಿಗೆ ಈ ರೋಗ ಬಂದಿತೆಂದು ಮನೆಯ ಹಿರಿಯರು ಆಕೆಯನ್ನು ದೂರುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಅಂದು ಅವರಿಗೆ ಹೇಳಿದುದನ್ನೇ ಇಂದು ತಮ್ಮೆಲ್ಲರ ಮುಂದೆ ಕೊಂಚ ವಿಸ್ತಾರವಾಗಿ ಹೇಳಬಯಸುತ್ತೇನೆ.

ನಡುವಯಸ್ಸು ದಾಟಿದವರಲ್ಲಿ ಸಾಮಾನ್ಯವಾಗಿ ಕಾಣುವ, ಪಥ್ಯ ಮತ್ತು ಮಾತ್ರೆಗಳಿಂದ ಬಹುಮಟ್ಟಿಗೆ ಹತೋಟಿಗೆ ಬರುವ ಸಕ್ಕರೆ ಕಾಯಿಲೆಯನ್ನು ತಾವೆಲ್ಲ ಬಲ್ಲಿರಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಬೇರೊಂದು ಬಗೆ. ಜಠರದ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿಯೆಂಬ ಅಂಗವಿದೆ. ಅದರೊಳಗೆ ಅಲ್ಲಲ್ಲಿ ದ್ವೀಪಗಳಂತೆ ಹರಡಿರುವ ಸಣ್ಣ ಸಣ್ಣ ಜೀವಕೋಶಗಳ ಗುಂಪುಗಳು ಇನ್ಸುಲಿನ್ ರಸವನ್ನು ತಯಾರಿಸುತ್ತವೆ. ಉಂಡ ಅನ್ನ ಮುದ್ದೆಗಳಿಂದ ರಕ್ತಕ್ಕೆ ಸೇರಿದ ಸಕ್ಕರೆಯು ಮಾಂಸಖಂಡಗಳಿಗೆ ಸರಿಯಾಗಿ ತಲಪಬೇಕಾದರೆ ಈ ರಸ ಬೇಕು. ಈ ಮಕ್ಕಳಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ.

ನಾಶಪಡಿಸಿದವರು ಯಾರು? ಇದಕ್ಕೆ ಉತ್ತರ ದೊರೆತುದು ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ. ರೋಗ ಕಾಣಿಸಿಕೊಂಡ ಸ್ವಲ್ಪ ಕಾಲದಲ್ಲೇ ತೀರಿಕೊಂಡ ರೋಗಿಗಳ ಮೇದೋಜೀರಕ ಗ್ರಂಥಿಗಳನ್ನು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ವಿಲ್ಲಿ ಗೆಪ್ಟ್ಸ್ ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1965ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ಬಹುಪಾಲು ಗ್ರಂಥಿಗಳಲ್ಲಿ ಆ ದ್ವೀಪಗಳನ್ನು ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ರೋಗಾಣುಗಳಿಂದ ನಮ್ಮನ್ನು ಕಾಯುವ ಕಾವಲು ಪಡೆ ಈ ಬಿಳಿ ಕಣಗಳೇ ಅಲ್ಲವೇ! ಬಳಿಕ 1974ರಲ್ಲಿ ಲಂಡನ್ನಿನ ಬೊಟ್ಟಾಟ್ಸೊ, ಡೋನಿಯಾಕ್ ಮತ್ತು ಅವರ ಸಂಗಡಿಗರು, ಆ ದ್ವೀಪಗಳನ್ನೇ ಶತ್ರುವೆಂದು ಬಗೆದು ದೇಹವು ತಯಾರಿಸಿದ ಪ್ರತಿಕಾಯಗಳನ್ನು ಕೆಲವು ರೋಗಿಗಳ ರಕ್ತದಲ್ಲಿ ಕಂಡರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪದು. ಆದುದರಿಂದ ಮಗು ಬೆಲ್ಲ ತಿಂದುದಾಗಲಿ, ತಾಯಿ ಸಿಹಿ ತಿಂದುದಾಗಲಿ, ಯಾರದೋ ಪಾಪವಾಗಲಿ, ದೃಷ್ಟಿಯಾಗಲಿ ಈ ರೋಗಕ್ಕೆ ಕಾರಣವಲ್ಲ. ಆ ತಾಯಿಗೆ ನಾನು ಮೊದಲು ಹೇಳಿದುದು ಇದನ್ನೇ. ಅವರ ಅತ್ತೆಯವರನ್ನೂ ಕರೆಯಿಸಿ ಮತ್ತೊಮ್ಮೆ ಹೇಳಿದೆನು.

ಈ ಬೇಲಿ ಒಂದೇ ರಾತ್ರಿಯಲ್ಲಿ ಹೊಲ ಮೇಯುವುದಿಲ್ಲ. ಎಷ್ಟೋ ತಿಂಗಳು, ಎಷ್ಟೋ ವರ್ಷಗಳ ಕಾಲ ಸದ್ದಿಲ್ಲದೆ ಮೇಯುತ್ತಿರುತ್ತದೆ. ರಕ್ತದಲ್ಲಿ ಪ್ರತಿಕಾಯಗಳು ಮೊದಲೇ ಕಾಣಿಸಿಕೊಳ್ಳುತ್ತವೆ. ಹಾಗಾದರೆ ಪೈರು ಇನ್ನೂ ಉಳಿದಿರುವಾಗಲೇ ಬೇಲಿಯನ್ನು ತಡೆಯಬಾರದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ಜೆಫ್ರಿ ಬ್ಲೂಸ್ಟೋನ್ ಮತ್ತು ಯೇಲ್ ವಿಶ್ವವಿದ್ಯಾಲಯದ ಕೆವಾನ್ ಹೆರಾಲ್ಡ್ ಪ್ರಮುಖರು. ದಾಳಿ ಮಾಡುವ ಬಿಳಿ ಕಣಗಳನ್ನು ಸ್ವಲ್ಪ ಶಾಂತಗೊಳಿಸುವ ಔಷಧವೊಂದನ್ನು, ರೋಗ ಆಗತಾನೇ ಕಾಣಿಸಿಕೊಂಡ 12 ಮಂದಿಗೆ ಕೊಟ್ಟು, ಕೊಡದ ಇನ್ನು 12 ಮಂದಿಯೊಡನೆ ಹೋಲಿಸಿ ನೋಡಿದರು. ಒಂದು ವರ್ಷದ ಬಳಿಕ ಔಷಧ ಪಡೆದವರಲ್ಲಿ 9 ಮಂದಿಯ ದೇಹದ ಇನ್ಸುಲಿನ್ ಕುಗ್ಗದೆ ಉಳಿದಿತ್ತು. ಪಡೆಯದವರಲ್ಲಿ ಇಬ್ಬರದು ಮಾತ್ರ. ಈ ವರದಿ 2002ರಲ್ಲಿ ಬಂದಿತು. ಮುಂದೆ, ಇನ್ನೂ ರೋಗ ಬಾರದ, ಆದರೆ ಪ್ರತಿಕಾಯಗಳಿದ್ದು ಸಕ್ಕರೆಯ ಪ್ರಮಾಣವೂ ತುಸು ಏರುಪೇರಾಗಿದ್ದ 76 ಮಂದಿ ಬಂಧುಗಳನ್ನು ಆರಿಸಿಕೊಂಡರು. ಹೆಚ್ಚಿನವರು ಮಕ್ಕಳೇ. ಕೆಲವರಿಗೆ ನಿಜವಾದ ಔಷಧವನ್ನು, ಉಳಿದವರಿಗೆ ಬರಿಯ ದ್ರವವನ್ನು 14 ದಿನ ರಕ್ತನಾಳದ ಮೂಲಕ ಕೊಟ್ಟರು. 2019ರ ವರದಿಯಂತೆ, ಬರಿಯ ದ್ರವ ಪಡೆದವರಿಗೆ ಸರಾಸರಿ ಎರಡು ವರ್ಷಕ್ಕೆ ರೋಗ ಬಂದರೆ, ಔಷಧ ಪಡೆದವರಿಗೆ ನಾಲ್ಕು ವರ್ಷಕ್ಕೆ ಬಂದಿತು. ಟೆಪ್ಲಿಜುಮ್ಯಾಬ್ ಎಂಬ ಈ ಔಷಧಕ್ಕೆ ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಮಾನ್ಯತೆ ದೊರೆಯಿತು.

ಎರಡು ವರ್ಷ ತಡವಾದರೆ ಏನು ಮಹಾ ಲಾಭವೆಂದು ತಾವು ಕೇಳಬಹುದು. ದಿನಕ್ಕೆ ನಾಲ್ಕು ಚುಚ್ಚುಮದ್ದಿನಂತೆ ಲೆಕ್ಕ ಹಾಕಿ ನೋಡಿರಿ. ಎಳೆಯ ಮೈಗೆ 2,900ಕ್ಕೂ ಹೆಚ್ಚು ಸೂಜಿಗಳು ತಪ್ಪಿದವು. ನನ್ನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಆದರೆ ಅಲ್ಲಿ ಅದರ ಬೆಲೆ ಕೋಟಿ ರೂಪಾಯಿಯನ್ನು ಮೀರುತ್ತದೆ, ಮತ್ತು ಅದು ರೋಗವನ್ನು ವಾಸಿ ಮಾಡುವ ಔಷಧವಲ್ಲ. ರೋಗ ಬಂದ ಮಗುವಿಗೆ ಇಂದಿಗೂ ಇನ್ಸುಲಿನ್ನೇ ಜೀವ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಎಲುಬುಗೂಡಾಗಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊತ್ತಮೊದಲು ಇದನ್ನು ಚುಚ್ಚಿದರು. ಅವನು ಮುಂದೆ 13 ವರ್ಷ ಬದುಕಿದನು. ಅದಕ್ಕೆ ಮೊದಲು ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಬೇರು, ಭಸ್ಮಗಳಿಂದ ವಾಸಿ ಮಾಡುವೆವೆಂದು ಇನ್ಸುಲಿನ್ ಬಿಡಿಸುವವರ ಮಾತನ್ನು ದಯವಿಟ್ಟು ನಂಬಬೇಡಿ. ಬಿಟ್ಟ ಕೆಲವೇ ದಿನಗಳಲ್ಲಿ ವಾಂತಿ, ಏದುಸಿರು, ಮೈಮೇಲೆ ಎಚ್ಚರ ತಪ್ಪುವುದು, ಕೊನೆಗೆ ಸಾವು. ಜ್ವರ ಬಂದು ಊಟ ಸೇರದಿದ್ದರೂ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಹೆಣ್ಣು ಮಗುವಾದರೆ ಖರ್ಚಿಗೆ ಹಿಂಜರಿಯುವ ಮನೆಗಳನ್ನೂ ನಾನು ನೋಡಿದ್ದೇನೆ. ಆ ಹುಡುಗಿಯೂ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡರೆ ಓದಿ, ಮದುವೆಯಾಗಿ, ಆರೋಗ್ಯವಂತ ಮಕ್ಕಳನ್ನು ಹೆರಬಲ್ಲಳು.

ಇನ್ನು ಆ ತಂದೆಯ ಪ್ರಶ್ನೆ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ, ಇಂಥ ಮಕ್ಕಳ ಒಡಹುಟ್ಟಿದವರು ನೂರು ಮಂದಿ ಇದ್ದರೆ ಸುಮಾರು ಐದಾರು ಮಂದಿಗೆ ಈ ರೋಗ ಬರಬಹುದು. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ಇನ್ನೊಂದು ಮಗು ಬೇಕೇ, ಯಾವಾಗ ಬೇಕು ಎಂಬುದನ್ನು ದಂಪತಿಗಳು ತಾಯಿಯ ಆರೋಗ್ಯ, ಮನೆಯ ಅನುಕೂಲ, ಮಕ್ಕಳ ನಡುವಿನ ಅಂತರ ಇವುಗಳನ್ನು ನೋಡಿ ನಿರ್ಧರಿಸಲಿ. ಈ ಭಯವೊಂದರಿಂದಲೇ ನಿರ್ಧರಿಸುವುದು ಬೇಡವೆಂದು ನಾನು ಹೇಳಿದೆನು. ಅವರು ಹಿರಿಯ ಮಗಳು ಶಾಲೆಯಲ್ಲಿ ನೆಲೆಗೊಳ್ಳಲಿ ಎಂದು ಎರಡು ವರ್ಷ ಕಾಯಲು ಒಪ್ಪಿ, ಅದಕ್ಕೆ ತಕ್ಕ ತಾತ್ಕಾಲಿಕ ವಿಧಾನವನ್ನು ಅನುಸರಿಸುತ್ತಿದ್ದಾರೆ. ಇನ್ಸುಲಿನ್ ಸೀಸೆಯನ್ನು ನೀರು ತಗಲದಂತೆ ಕಟ್ಟಿ, ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಕುಡಿಕೆಯಲ್ಲಿ ತಂಪಾಗಿ ಇಡುತ್ತಾರೆ. ಹುಡುಗಿ ಬೆವೆತು ನಡುಗಿದರೆ ಕೊಡಲೆಂದು ಶಾಲೆಯ ಮೇಷ್ಟ್ರ ಬಳಿ ಸಕ್ಕರೆಯ ಪೊಟ್ಟಣ ಇರಿಸಿದ್ದಾರೆ.

ತಮ್ಮ ಮನೆಯಲ್ಲಿ ಯಾವುದೇ ಮಗು ಬಾಯಾರಿಕೆಯಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದ್ದರೆ, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ, ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತಿದ್ದರೆ ಅದೇ ದಿನ ಕರೆತನ್ನಿ. ಬೆರಳಿನಿಂದ ಒಂದು ಹನಿ ರಕ್ತ ಸಾಕು, ಒಂದು ನಿಮಿಷದೊಳಗೆ ತಿಳಿಯುತ್ತದೆ. ಗುರುವಾರ ಲಸಿಕೆಯ ಜನಸಂದಣಿ ಇರುತ್ತದೆ. ಅಂದು ಸಾಲಿನಲ್ಲಿ ನಿಲ್ಲದೆ ನೇರವಾಗಿ ನನ್ನ ಕೊಠಡಿಗೆ ಬನ್ನಿರಿ.