ಯಾರಿಗೂ ಕೇಳದ ದನಿ

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ನಿಲಯಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಆಯಿತು. ಬಾಯಿ ಕಾಣದೆ ಮಾತು ಕೇಳಿಸುವುದಕ್ಕೆ ನಮ್ಮ ಪುರಾಣಗಳು ಇಟ್ಟ ಹೆಸರು ಅದು. ದೇವಕಿಯ ರಥ ನಡೆಸುತ್ತಿದ್ದ ಕಂಸನಿಗೆ ಅಂಥ ವಾಣಿಯೊಂದು ಕೇಳಿಸಿತು. ಅವನನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯಲಿಲ್ಲ. ಮನಶ್ಶಾಸ್ತ್ರಜ್ಞರೊಬ್ಬರ ಮನೆಯಲ್ಲಿ ಈ ಹೆಸರು ಹುಟ್ಟಿಕೊಂಡದ್ದು ನನಗೆ ಯಾವಾಗಲೂ ಒಂದು ಸೊಗಸಾದ ಆಕಸ್ಮಿಕವಾಗಿ ತೋರಿದೆ.

ಇಂದು ನಾನು ಹೇಳಹೊರಟಿರುವುದು ಇತರರಿಗೆ ಕೇಳದ ದನಿಯನ್ನು ಕೇಳುವವರ ವಿಷಯ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೆ ಈ ವಿಷಯದ ಮೂಲದಲ್ಲಿರುವುದು ಒಂದು ವಾಕ್ಯ. ವಾಕ್ಯಗಳ ಮೇಲೆ ನನಗೂ ಕೊಂಚ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಇಂಗ್ಲೆಂಡಿನಲ್ಲಿ 1993–94ರಲ್ಲಿ ಅಲ್ಪಸಂಖ್ಯಾತ ಜನಾಂಗಗಳ ದೊಡ್ಡದೊಂದು ಸಮೀಕ್ಷೆ ನಡೆಯಿತು. ಪ್ರಶ್ನಿಸಿದ್ದು ಆಸ್ಪತ್ರೆಯ ರೋಗಿಗಳನ್ನಲ್ಲ, ಮನೆಗಳಲ್ಲಿದ್ದ ಸಾಮಾನ್ಯ ಜನರನ್ನು. ಕಳೆದೊಂದು ವರ್ಷದಲ್ಲಿ ಬೇರೆಯವರಿಗೆ ಕೇಳದ, ಕಾಣದ ಏನಾದರೂ ನಿಮಗೆ ಕೇಳಿಸಿತೆ, ಕಾಣಿಸಿತೆ ಎಂಬುದು ಅಲ್ಲಿಯ ಒಂದು ಪ್ರಶ್ನೆ. ಬಿಳಿಯರಲ್ಲಿ ನೂರಕ್ಕೆ ಸುಮಾರು 4 ಮಂದಿ ಹೌದೆಂದರು. ಕೆರಿಬಿಯನ್ ದ್ವೀಪಗಳಿಂದ ಬಂದವರಲ್ಲಿ ಅದು ಎರಡೂವರೆ ಪಟ್ಟು. ಭಾರತ ಉಪಖಂಡದ ಮೂಲದವರಲ್ಲಿ ಬಿಳಿಯರ ಅರ್ಧದಷ್ಟು ಮಾತ್ರ. ಹೌದೆಂದವರಲ್ಲಿ ಚಿತ್ತವಿಕಲತೆಯ ಲಕ್ಷಣಗಳು ಪೂರ್ಣವಾಗಿ ಕಂಡುಬಂದದ್ದು ಕಾಲುಭಾಗದವರಲ್ಲಿ ಮಾತ್ರವೇ ಎಂಬುದನ್ನೂ ಮರೆಯಬಾರದು.

ಈ ವ್ಯತ್ಯಾಸ ಎಲ್ಲಿಂದ ಬಂತು? ರಕ್ತದಿಂದ, ಬಣ್ಣದಿಂದ ಎಂಬ ಉತ್ತರ ಹಳೆಯದು. ಅದಕ್ಕೊಂದು ನಾಚಿಕೆಗೇಡಿನ ಚರಿತ್ರೆಯಿದೆ. ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯನು 1851ರಲ್ಲಿ, ಕರಿಯ ಗುಲಾಮನು ಒಡೆಯನನ್ನು ಬಿಟ್ಟು ಓಡಿಹೋಗುವುದೇ ಒಂದು ಮನೋರೋಗವೆಂದು ಬರೆದು ಅದಕ್ಕೊಂದು ಗ್ರೀಕ್ ಹೆಸರನ್ನೂ ಇಟ್ಟನು. ಬಿಡುಗಡೆಯ ಬಯಕೆಗೆ ಚಾಟಿಯೇಟನ್ನೇ ಔಷಧವಾಗಿ ಬರೆದುಕೊಟ್ಟ ವೈದ್ಯಶಾಸ್ತ್ರ ಅದು.

ಆ ಉತ್ತರವನ್ನು ಅಲುಗಾಡಿಸಿದವರು ಬಿಳಿಯರೇ. ನಾರ್ವೆಯ ಓಡೆಗಾರ್ಡ್ ಎಂಬವರು 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಮಿನೆಸೋಟಾ ಸೀಮೆಗೆ ವಲಸೆಹೋದ ನಾರ್ವೆಯವರಲ್ಲಿ ಸ್ಕಿಜೊಫ್ರೀನಿಯ ಹೆಚ್ಚೆಂದು ಕಂಡಿತು. ಊರಲ್ಲೇ ಉಳಿದ ನಾರ್ವೆಯವರಿಗಿಂತಲೂ, ಮಿನೆಸೋಟಾದಲ್ಲೇ ಹುಟ್ಟಿದವರಿಗಿಂತಲೂ ಹೆಚ್ಚು. ಮನಸ್ಸು ನೆಲೆನಿಲ್ಲದವರೇ ಊರು ಬಿಡುತ್ತಾರೆಂದು ಅವರು ಸಮಾಧಾನ ಹೇಳಿದರು. 1948ರಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ ಕೆರಿಬಿಯನ್ನರ ವಿಷಯದಲ್ಲಿ ಆ ಸಮಾಧಾನ ನಿಲ್ಲಲಿಲ್ಲ. ಅವರು ಬಿಟ್ಟುಬಂದ ಜಮೈಕ, ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲಿ ಈ ರೋಗ ಅಷ್ಟು ಹೆಚ್ಚಿರಲಿಲ್ಲ, ನಿಜ. ಆದರೆ ಹಡಗನ್ನೇ ಕಾಣದೆ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರ ಮಕ್ಕಳಲ್ಲಿಯೂ ಹೆಚ್ಚಾಗಿಯೇ ಉಳಿಯಿತು. ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್‌ಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅವರಲ್ಲಿ ಸ್ಕಿಜೊಫ್ರೀನಿಯ ಬಿಳಿಯರಿಗಿಂತ ಸುಮಾರು 9 ಪಟ್ಟು.

ಬಿಳಿಯ ವೈದ್ಯರಿಗೆ ಕರಿಯರ ಮಾತು ಅರ್ಥವಾಗುವುದಿಲ್ಲ, ಅದಕ್ಕೇ ಹುಚ್ಚೆನ್ನುತ್ತಾರೆ ಎಂಬ ಆಕ್ಷೇಪವೂ ಬಂತು. ಅದನ್ನು ಪರೀಕ್ಷಿಸಲೆಂದು ಜಮೈಕದ ಮನೋವೈದ್ಯ ಹಿಕ್ಲಿಂಗ್ ಅವರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕರಿಯ ರೋಗಿಗಳನ್ನು ತಾವೇ ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾದದ್ದು. ಸ್ಕಿಜೊಫ್ರೀನಿಯ ಇದೆಯೆಂದು ಅವರು ಹೇಳಿದವರ ಸಂಖ್ಯೆ ಇಂಗ್ಲಿಷ್ ವೈದ್ಯರು ಹೇಳಿದ ಸಂಖ್ಯೆಗೆ ಹತ್ತಿರವೇ ಇತ್ತು. ಆದರೆ ಆ ಮಂದಿ ಯಾರು ಯಾರೆಂಬುದರಲ್ಲಿ ಒಮ್ಮತವಿರಲಿಲ್ಲ. ಲೆಕ್ಕ ಸರಿ, ಹೆಸರು ಬೇರೆ! ಉತ್ತರಪತ್ರಿಕೆಗಳ ಮರುಮೌಲ್ಯಮಾಪನದಲ್ಲಿ ನಾನೂ ಇಂಥದನ್ನು ಕಂಡಿದ್ದೇನೆ.

ನನ್ನನ್ನು ಬಹುವಾಗಿ ಕಲಕಿದ್ದು 2001ರ ಇನ್ನೊಂದು ಅಧ್ಯಯನ. ದಕ್ಷಿಣ ಲಂಡನ್ನಿನ ಬೇರೆ ಬೇರೆ ಬಡಾವಣೆಗಳನ್ನು ಹೋಲಿಸಿದಾಗ, ಅಲ್ಪಸಂಖ್ಯಾತರು ಎಲ್ಲಿ ವಿರಳವಾಗಿದ್ದರೋ ಅಲ್ಲಿ ಅವರಿಗೆ ಈ ರೋಗ ಹೆಚ್ಚು. ತಮ್ಮವರು ನಾಲ್ಕು ಮಂದಿ ಸುತ್ತ ಇದ್ದೆಡೆ ಕಡಿಮೆ. ಬಣ್ಣ ಅದೇ, ಬೀದಿ ಮಾತ್ರ ಬೇರೆ. ಜನಾಂಗದ ಹೆಸರಿನಲ್ಲಿ ಬೈಗುಳವನ್ನೋ ಹೊಡೆತವನ್ನೋ ಉಂಡವರಲ್ಲಿ ಇಂಥ ಲಕ್ಷಣಗಳು ಹೆಚ್ಚೆಂದು ಬೇರೆ ಸಂಶೋಧಕರೂ ತೋರಿಸಿದ್ದಾರೆ.

ದನಿ ಏನನ್ನು ಹೇಳುತ್ತದೆ ಎಂಬುದೂ ಊರಿಂದ ಊರಿಗೆ ಬದಲಾಗುತ್ತದೆ. ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಕ್ಯಾಲಿಫೋರ್ನಿಯ, ಘಾನಾದ ಅಕ್ರಾ, ನಮ್ಮ ಚೆನ್ನೈ, ಈ ಮೂರೆಡೆ ತಲಾ 20 ಮಂದಿ ರೋಗಿಗಳನ್ನು ಮಾತನಾಡಿಸಿದರು. ಅಮೆರಿಕದವರಿಗೆ ಕೇಳಿಸುತ್ತಿದ್ದುದು ಹೆಚ್ಚಾಗಿ ಅಪರಿಚಿತರ ಕ್ರೂರ ದನಿ. ಅಕ್ರಾದ ಹಲವರಿಗೆ ದೇವರದು. ಚೆನ್ನೈಯವರಲ್ಲಿ ಅನೇಕರಿಗೆ ಮಾತನಾಡುತ್ತಿದ್ದವರು ನೆಂಟರಿಷ್ಟರು: ಬೈದರೂ ಮನೆಗೆಲಸ ಮಾಡು, ಸ್ನಾನ ಮಾಡು ಎಂದು ಹಿರಿಯರಂತೆ ಬುದ್ಧಿ ಹೇಳುವವರು.

ಇದನ್ನು ಓದಿದಾಗ ನನಗೆ ನಮ್ಮ ಸೋದರತ್ತೆ ನೆನಪಾದರು. ಮಾವನವರು ತೀರಿಕೊಂಡು ಹಲವು ವರ್ಷಗಳಾದ ಮೇಲೂ ಸಂಜೆ ದೀಪ ಹಚ್ಚುವ ಹೊತ್ತಿಗೆ “ಕರೆದರು” ಎಂದು ಒಳಗಿನಿಂದ ಎದ್ದುಬರುತ್ತಿದ್ದರು. ಮನೆಯಲ್ಲಿ ಯಾರೂ ಅದನ್ನು ರೋಗವೆನ್ನಲಿಲ್ಲ, ಹಾಗೆನ್ನದಿದ್ದುದು ಸರಿಯೇ. ವೇಲ್ಸಿನ ವೈದ್ಯ ರೀಸ್ ಅವರು 1971ರಲ್ಲಿ ವರದಿ ಮಾಡಿದಂತೆ, ಅಲ್ಲಿಯ ವಿಧವೆ-ವಿಧುರರಲ್ಲಿ ಅರ್ಧದಷ್ಟು ಮಂದಿಗೆ ಅಗಲಿದವರು ಬಳಿಯಿರುವ ಅನುಭವವಾಗಿತ್ತು. ಸಮೀಕ್ಷೆಯವರು ಬಂದು ಕೇಳಿದ್ದರೆ ಅತ್ತೆ ಏನೆನ್ನುತ್ತಿದ್ದರು? ಹೌದೆಂದರೆ ಒಂದು ಲೆಕ್ಕ, ಹೊರಗಿನವರ ಮುಂದೆ ಮನೆಯ ಮಾತೇಕೆ ಎಂದು ಇಲ್ಲವೆಂದರೆ ಇನ್ನೊಂದು. ನಮ್ಮವರ ಸಂಖ್ಯೆ ಕಡಿಮೆ ಬಂದುದರಲ್ಲಿ ಇಂಥ ಅತ್ತೆಯಂದಿರ ಪಾಲೂ ಇದ್ದೀತೆಂಬ ಗುಮಾನಿ ನನ್ನದು.

ಆದರೆ ಎಲ್ಲ ದನಿಯನ್ನೂ ಸಂಸ್ಕೃತಿ ಎಂದು ಬಿಡುವ ಸಾಹಿತಿಯ ಚಪಲದಿಂದ ನಾನೊಂದು ತಪ್ಪು ಮಾಡಿದ್ದೇನೆ. ಎಂ.ಎ. ತರಗತಿಯಲ್ಲಿ ನನಗೊಬ್ಬ ದಲಿತ ವಿದ್ಯಾರ್ಥಿಯಿದ್ದ, ಕವಿತೆ ಬರೆಯುತ್ತಿದ್ದ. “ಸರ್, ರೂಮಿನ ಗೋಡೆ ನನ್ನನ್ನು ಜಾತಿ ಹಿಡಿದು ಬೈಯುತ್ತದೆ” ಎಂದು ಒಂದು ದಿನ ಹೇಳಿದ. ಎಂಥ ರೂಪಕವಪ್ಪಾ, ಬರೆದು ತಾ ಎಂದೆ. ಅವನು ಬರೆದು ತಂದ. ನಾನು ತರಗತಿಯಲ್ಲಿ ಓದಿ ಹೊಗಳಿದೆ. ಮುಂದಿನ ತಿಂಗಳು ಅವನು ಊರು ಸೇರಿದ. ಬೆಂಗಳೂರಿನಲ್ಲಿ ಚಿಕಿತ್ಸೆ ಶುರುವಾದದ್ದು ಅದಾಗಿ ಎರಡು ವರ್ಷಗಳ ಮೇಲೆ. ರೋಗದ ಆರಂಭದಲ್ಲಿ ಕಳೆದುಹೋದ ತಿಂಗಳುಗಳು ಬಹಳ ತುಟ್ಟಿಯಾದವೆಂದು ನನಗೆ ಆಗ ತಿಳಿದಿರಲಿಲ್ಲ.

ಅವನು ಈಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಮಾತ್ರೆ ಬಿಟ್ಟಿಲ್ಲ. ಹಿಂದಿನ ವರ್ಷ ಮನೆಗೆ ಬಂದಿದ್ದಾಗ ನಾನೇ ಸಂಕೋಚದಿಂದ ಆ ಮಾತು ತೆಗೆದೆ. “ಗೋಡೆ ಸುಮ್ಮನಾಗಿ ಬಹಳ ವರ್ಷವಾಯಿತು ಸರ್” ಎಂದ. ಕಾಫಿ ಕುಡಿದು ಲೋಟ ಕೆಳಗಿಡುತ್ತ, “ಆದರೆ ಆ ಹಾಸ್ಟೆಲಿನಲ್ಲಿ ಮೊದಲು ಬೈದದ್ದು ಗೋಡೆಯಲ್ಲ” ಎಂದ. ಇಷ್ಟು ವರ್ಷ ಅದನ್ನು ನಾನು ಕೇಳಿಯೇ ಇರಲಿಲ್ಲ.