ಕೊಬ್ಬಿನ ಗುಳ್ಳೆಯಲ್ಲಿ ಮದ್ದು

2021ರ ಬೇಸಿಗೆಯಲ್ಲಿ ಬ್ಲ್ಯಾಕ್ ಫಂಗಸ್ ಹಬ್ಬಿದಾಗ ರೋಗಿಗಳ ಮನೆಯವರು ಒಂದು ಇಂಜೆಕ್ಷನ್ನಿಗಾಗಿ ಊರೆಲ್ಲ ಅಲೆದರು: ಲೈಪೋಸೋಮಲ್ ಆಂಫೊಟೆರಿಸಿನ್. ಅದರೊಳಗಿನ ಆಂಫೊಟೆರಿಸಿನ್ 1950ರ ದಶಕದ್ದು. ಅದನ್ನು ಹೊತ್ತು ಸಾಗಿಸುವ ಕೊಬ್ಬಿನ ಗುಳ್ಳೆ, ಅಂದರೆ ಲೈಪೋಸೋಮ್, ಆಮೇಲೆ ಬಂದದ್ದು. ಇವತ್ತು ಆ ಗುಳ್ಳೆಯ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ರಾಬರ್ಟ್ ಹಾರ್ನ್, ಲೆಸಿಥಿನ್ ಎಂಬ ಕೊಬ್ಬನ್ನು ನೀರಿನಲ್ಲಿ ಕದಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಕೊಬ್ಬಿನ ಅಣುಗಳು ನೀರಿಗೆ ಒಗ್ಗುವ ತಲೆಯನ್ನು ಹೊರಗೂ ಒಳಗೂ ಮಾಡಿ, ಒಗ್ಗದ ಬಾಲವನ್ನು ನಡುವೆ ಬಚ್ಚಿಟ್ಟು, ಈರುಳ್ಳಿಯ ಹಾಗೆ ಪದರ ಪದರವಾಗಿ ತಾವೇ ಗುಂಡಗೆ ಮುಚ್ಚಿಕೊಂಡಿದ್ದವು. ಈ ಚಿತ್ರಗಳು 1964ರಲ್ಲಿ ಪ್ರಕಟವಾದವು. ಅವರಿಗೆ ಬೇಕಿದ್ದದ್ದು ಜೀವಕೋಶದ ಪೊರೆಯ ಗುಟ್ಟು. ಗುಳ್ಳೆಯೊಳಗೆ ಔಷಧ ತುಂಬಿ ಕಳಿಸುವ ಪ್ರಯತ್ನ 1970ರ ದಶಕದಲ್ಲಿ ಗ್ರೆಗರಿ ಗ್ರೆಗೋರಿಯಾಡಿಸ್ ಅಂಥವರಿಂದ ಶುರುವಾಯಿತು.

ದೇಹ ಮಾತ್ರ ಈ ಗುಳ್ಳೆಗಳನ್ನು ಬೇಗ ಹಿಡಿದುಬಿಡುತ್ತಿತ್ತು. ಯಕೃತ್ತು, ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಅವನ್ನು ನುಂಗುತ್ತಿದ್ದವು. ಕ್ಯಾನ್ಸರ್ ಮದ್ದಿಗೆ ಅದು ದೊಡ್ಡ ತೊಡಕಾಯಿತು. ಗುಳ್ಳೆಯ ಮೈಗೆ ಪಾಲಿಮರ್ ಎಳೆಗಳ ಹೊದಿಕೆ ಕೊಟ್ಟು ಆ ಕೋಶಗಳ ಕಣ್ತಪ್ಪಿಸಿದ ಡಾಕ್ಸಿಲ್ ಎಂಬ ಕ್ಯಾನ್ಸರ್ ಮದ್ದಿಗೆ 1995ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಆದರೆ ಕಾಲಾಅಜರ್ ರೋಗದಲ್ಲಿ ಆ ತೊಡಕೇ ವರವಾಯಿತು, ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಈ ರೋಗದ ಪರೋಪಜೀವಿ ಅಡಗಿರುವುದೇ ಭಕ್ಷಕ ಕೋಶಗಳೊಳಗೆ. ಗುಳ್ಳೆ ನೇರ ಅಲ್ಲಿಗೇ ಹೋಗುತ್ತದೆ. ಹಳೆಯ ಆಂಫೊಟೆರಿಸಿನ್ ಕೊಟ್ಟರೆ ಚಳಿಜ್ವರ, ಮೂತ್ರಪಿಂಡಕ್ಕೆ ಪೆಟ್ಟು. ದಿನ ಬಿಟ್ಟು ದಿನ 15 ಸಲ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಬಿಹಾರದ ಕೂಲಿಯವನಿಗೆ ಅದು ತಿಂಗಳ ದುಡಿಮೆ ಹೋದಂತಾಗುತ್ತಿತ್ತು. ವೈದ್ಯ ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಲೈಪೋಸೋಮಲ್ ಮದ್ದನ್ನು ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಕೊಟ್ಟರು. ಆರು ತಿಂಗಳ ನಂತರ ನೋಡಿದರೆ ಶೇ 95.7 ಮಂದಿ ಗುಣಮುಖರು, ಹಳೆಯ ಕ್ರಮಕ್ಕೆ ಸರಿಸಾಟಿ. 2010ರಲ್ಲಿ ಈ ವರದಿ ಪ್ರಕಟವಾಯಿತು.

ಆಮೇಲೆ ಆರ್‌ಎನ್‌ಎಯನ್ನೇ ಮದ್ದಾಗಿ ಕೋಶದೊಳಗೆ ಸಾಗಿಸಲು ಬೇರೆ ಬಗೆಯ ಕೊಬ್ಬು ಬೇಕಾಯಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಪೀಟರ್ ಕಲ್ಲಿಸ್ ಮತ್ತು ಜೊತೆಗಾರರು ರೂಪಿಸಿದ ಇಂಥ ಕೊಬ್ಬು (ಲಿಪಿಡ್) ರಕ್ತದಲ್ಲಿ ಬಹುಮಟ್ಟಿಗೆ ವಿದ್ಯುದಂಶವಿಲ್ಲದೆ ತಣ್ಣಗಿರುತ್ತದೆ. ಕೋಶದೊಳಗಿನ ಹುಳಿ ಚೀಲ ಸೇರಿದೊಡನೆ ಧನ ವಿದ್ಯುದಂಶ ತಳೆದು ಚೀಲದ ಪೊರೆ ಒಡೆಯುತ್ತದೆ, ಆರ್‌ಎನ್‌ಎ ಹೊರಬೀಳುತ್ತದೆ. 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಈ ಬಗೆಯ ಲಿಪಿಡ್ಡನ್ನೇ ನಂಬಿದ ಆರ್‌ಎನ್‌ಎ ಮದ್ದು. 2020ರ ಫೈಜರ್, ಮೊಡೆರ್ನಾ ಕೋವಿಡ್ ಲಸಿಕೆಗಳೂ ಹಾಗೆಯೇ.

ರಕ್ತಕ್ಕೆ ಚುಚ್ಚಿದ ಇಂಥ ಕೊಬ್ಬಿನ ಕಣಗಳು ಇಂದಿಗೂ ಹೆಚ್ಚಾಗಿ ಯಕೃತ್ತನ್ನೇ ಸೇರುತ್ತವೆ. ಶ್ವಾಸಕೋಶಕ್ಕೆ, ಮಿದುಳಿಗೆ ಅವನ್ನು ತಲುಪಿಸುವ ದಾರಿಗಾಗಿ ಪ್ರಯೋಗಾಲಯಗಳಲ್ಲಿ ಈಗ ಹುಡುಕಾಟ ನಡೆದಿದೆ.